ಲಿಂಗ ಬದಲಾವಣೆಯ ಚಿಕಿತ್ಸೆ: ಸರ್ಕಾರೀ ದವಾಖಾನೆಯೋ, ಖಾಸಗಿಯೋ?

ಹುಲಿಗಿಯ ಜಾತ್ರೆಗೆ ಹೋಗಿಬಂದವರು ನಮ್ಮ ಭಾಗದ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ಇರುತ್ತಾರೆ. ತಲೆಯ ಮೇಲೆ ಕೊಡ ಹೊತ್ತು ಚೌಡಿಕೆಯ ದನಿಗೆ ಹೆಜ್ಜೆ ಹಾಕುವ ಜೋಗಪ್ಪನವರಿಗೆ ಅಲ್ಲಿ ನಾವು ಕೈ ಮುಗಿಯುತ್ತೇವೆ, ಅವರ ಕೈಯಿಂದಲೇ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಊರಿಗೆ ಬಂದ ಮೇಲೆ ನಮ್ಮದೇ ಮನೆಯ ಮಗ "ನಾನು ಒಳಗೆ ಹೆಣ್ಣು" ಎಂದರೆ, ಅಥವಾ ಮಗಳು "ನನಗೆ ಗಂಡಾಗಿಯೇ ಬಾಳಬೇಕು" ಎಂದರೆ, ಅದೇ ಕೈಗಳು ಬಾಗಿಲು ಹಾಕಿಕೊಳ್ಳುತ್ತವೆ. ಬಾಗಿಲು ಹಾಕಿದ ಮೇಲೆ ಆ ಮಗು ಯಾವ ಊರಿಗೆ ಹೋಯಿತು, ಯಾರ ಮಾತು ನಂಬಿತು, ಯಾರ ಕತ್ತಿಗೆ ಮೈಯೊಡ್ಡಿತು ಎಂಬುದು ಮನೆಯವರಿಗೆ ತಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಆದ್ದರಿಂದ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕಾಗಿದೆ. ಓದುತ್ತಿರುವ ನೀವು ತಾಯಿಯೋ ತಂದೆಯೋ ಆಗಿರಬಹುದು, ಪಂಚಾಯತಿಯ ಸದಸ್ಯರಿರಬಹುದು, ಇಂಥ ಚಿಕಿತ್ಸೆ ಬೇಕೆಂದು ಯಾರಿಗೂ ಹೇಳದೆ ಒಳಗೊಳಗೇ ಯೋಚಿಸುತ್ತಿರುವವರೂ ಆಗಿರಬಹುದು. ವಳಕಮದಿನ್ನಿಯಂಥ ಹಳ್ಳಿಯಿಂದ ಹೊರಡುವವರ ಮುಂದೆ ಯಾವ ಯಾವ ಹಾದಿಗಳಿವೆ, ಯಾವ ಹಾದಿಗೆ ಎಷ್ಟು ಖರ್ಚು, ಎಷ್ಟು ಕಾಲ, ಎಷ್ಟು ಅಪಾಯ ಎಂಬುದನ್ನಷ್ಟೇ ಇಲ್ಲಿ ಹೇಳಿದೆ.

ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ಕಳೆಯೋಣ. ಇದು ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ, ಹಿರಿಯರ ಶಾಪವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಇದನ್ನು ಮನೋರೋಗಗಳ ಅಧ್ಯಾಯದಿಂದ ತೆಗೆದುಹಾಕಲಾಗಿದೆ. ದೇಹಕ್ಕೂ ಮನಸ್ಸಿಗೂ ತಾಳೆಯಾಗದ ಸ್ಥಿತಿಯೆಂದು ಗುರುತಿಸಿ, ಚಿಕಿತ್ಸೆ ಬೇಕಾದವರಿಗೆ ಅದು ಸಿಗಲೆಂದು ಬೇರೊಂದು ಅಧ್ಯಾಯದಲ್ಲಿ ಇರಿಸಿದ್ದಾರೆ. ಮಂತ್ರ ಹಾಕಿಸಿಯೋ ಬಡಿದೋ ಮದುವೆ ಮಾಡಿಯೋ ಇದನ್ನು ಬಿಡಿಸಲು ಬರುವುದಿಲ್ಲ. ಮದುವೆ ಮಾಡಿದರೆ ಹಾಳಾಗುವ ಬಾಳು ಒಂದರ ಬದಲು ಎರಡಾಗುತ್ತದೆ, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ, ಶಸ್ತ್ರಕ್ರಿಯೆ ಆಗದಿದ್ದರೆ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬುದು. ನಮ್ಮ ಜೋಗಪ್ಪಂದಿರನ್ನೇ ನೋಡಿರಿ. ಅವರಲ್ಲಿ ಬಹುಮಂದಿ ಕತ್ತಿ ತಾಕಿಸಿಕೊಂಡವರಲ್ಲ. ದೇವಿಗೆ ಅದು ಸಲ್ಲದೆಂಬ ನಂಬಿಕೆಯೇ ಅವರಲ್ಲಿದೆ. ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಅವರನ್ನು ಗೌರವಿಸಿದ್ದು ಅವರ ಕಲೆಗಾಗಿ. ಸರ್ವೋಚ್ಚ ನ್ಯಾಯಾಲಯವೂ 2014ರ ಏಪ್ರಿಲ್ 15ರ ತೀರ್ಪಿನಲ್ಲಿ, ಶಸ್ತ್ರಕ್ರಿಯೆ ಮಾಡಿಸಿಕೊಂಡರೆ ಮಾತ್ರ ಒಪ್ಪುತ್ತೇವೆ ಎನ್ನುವುದು ಅಕ್ರಮವೆಂದು ಹೇಳಿತು. ಆದಕಾರಣ ಯಾರೋ ಹೇಳಿದರೆಂದು, ಗೆಳತಿ ಮಾಡಿಸಿಕೊಂಡಳೆಂದು, ಅವಸರಪಟ್ಟು ಹೊರಡಬೇಡಿರಿ. ಬೇಕೇ ಬೇಕೆಂದು ಅನಿಸಿದವರಿಗೆ ಮಾತ್ರ ಮುಂದಿನ ಮಾತು.

ಚಿಕಿತ್ಸೆಯೆಂದರೆ ಒಂದೇ ದಿನದ ಕೆಲಸವಲ್ಲ. ಮೊದಲು ಮನೋವೈದ್ಯರೊಡನೆ ಮಾತುಕತೆ. ಅವರು ಹುಚ್ಚು ಇದೆಯೇ ಎಂದು ಹುಡುಕುವುದಿಲ್ಲ. ಈ ನಿಶ್ಚಯ ಗಟ್ಟಿಯಾದುದೇ, ಬೇರೆ ಸಂಕಟವೇನಾದರೂ ಬೆರೆತಿದೆಯೇ, ಆಗುವುದು ಹೋಗುವುದು ತಿಳಿದಿದೆಯೇ ಎಂದು ನೋಡಿ ಪತ್ರ ಬರೆದುಕೊಡುತ್ತಾರೆ. ಆಮೇಲೆ ಹಾರ್ಮೋನು. ಹೆಣ್ಣಾಗಬೇಕಾದವರಿಗೆ ಈಸ್ಟ್ರೋಜನ್ ಮತ್ತು ಗಂಡು ಹಾರ್ಮೋನನ್ನು ತಡೆಯುವ ಗುಳಿಗೆ. ಗಂಡಾಗಬೇಕಾದವರಿಗೆ ಟೆಸ್ಟೋಸ್ಟೆರೋನ್ ಚುಚ್ಚುಮದ್ದು. ಕೊನೆಯದು, ಅದೂ ಬೇಕಾದವರಿಗೆ ಮಾತ್ರ, ಶಸ್ತ್ರಕ್ರಿಯೆ. ಹದಿನೆಂಟು ತುಂಬುವ ತನಕ ಶಸ್ತ್ರಕ್ರಿಯೆಯ ಮಾತೆತ್ತಬಾರದು. ತುಂಬಿದ ಮೇಲೆ ಒಪ್ಪಿಗೆ ಕೊಡಬೇಕಾದವರು ಆ ವ್ಯಕ್ತಿಯೇ. ಅಪ್ಪ ಅವ್ವನ ರುಜು ಕಾನೂನಿಗೆ ಬೇಕಿಲ್ಲ, ಜೊತೆಗೆ ಅವರಿದ್ದರೆ ಒಳ್ಳೆಯದು.

ಹಾರ್ಮೋನಿನ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ. ಹಳ್ಳಿಯ ಮಕ್ಕಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಗರ್ಭ ನಿಲ್ಲದಿರಲು ಹೆಂಗಸರು ತೆಗೆದುಕೊಳ್ಳುವ ಗುಳಿಗೆಯಲ್ಲಿ ಹೆಣ್ಣು ಹಾರ್ಮೋನು ಇದೆಯೆಂದು ಕೇಳಿ, ಔಷಧಿ ಅಂಗಡಿಯಿಂದ ತಂದು ದಿನಕ್ಕೆ ನಾಲ್ಕೈದು ನುಂಗುವವರಿದ್ದಾರೆ. ಆ ಗುಳಿಗೆಯಲ್ಲಿರುವ ಬಗೆಯ ಈಸ್ಟ್ರೋಜನ್ ರಕ್ತವನ್ನು ಹೆಪ್ಪುಗಟ್ಟಿಸುವ ಸ್ವಭಾವದ್ದು. ಕಾಲಿನ ನರದಲ್ಲಿ ಹೆಪ್ಪಾದ ರಕ್ತ ಎದ್ದು ಶ್ವಾಸಕೋಶಕ್ಕೆ ಹೋದರೆ ಪ್ರಾಣವೇ ಹೋಗಬಹುದು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಟೆಸ್ಟೋಸ್ಟೆರೋನು ಅಳತೆ ಮೀರಿದರೆ ರಕ್ತ ಮಂದವಾಗುತ್ತದೆ. ಹೆಚ್ಚು ನುಂಗಿದರೆ ಬೇಗ ಫಲ ಎಂಬುದು ಸುಳ್ಳು. ಯೂರಿಯಾ ಎರಡು ಪಟ್ಟು ಹಾಕಿದರೆ ಭತ್ತ ಎರಡು ಪಟ್ಟು ಬರುವುದಿಲ್ಲ, ಪೈರು ಮಲಗುತ್ತದೆ ಎಂಬುದನ್ನು ಕಾಲುವೆ ನೀರಿನ ರೈತರಿಗೆ ಹೇಳಿಕೊಡಬೇಕಿಲ್ಲ. ತಜ್ಞರ ಕೈಕೆಳಗೆ ತೆಗೆದುಕೊಂಡರೂ ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕು. ಒಡೆದ ದನಿ ಮತ್ತೆ ತೆಳುವಾಗುವುದಿಲ್ಲ, ಬೆಳೆದ ಎದೆ ಗುಳಿಗೆ ಬಿಟ್ಟರೆ ಇಳಿಯುವುದಿಲ್ಲ. ಮಕ್ಕಳಾಗುವ ಶಕ್ತಿಯೂ ಕುಂದಬಹುದು. ಇವನ್ನೆಲ್ಲ ಗುಳಿಗೆ ಹಿಡಿಯುವ ಮೊದಲೇ ಕೇಳಿ ತಿಳಿಯಬೇಕು.

ಈಗ ಸರ್ಕಾರೀ ಹಾದಿ. ಇದರ ಮೊದಲನೆಯ ಮೆಟ್ಟಿಲು ಆಸ್ಪತ್ರೆಯಲ್ಲ, ಕಾಗದ. 2019ರ ಕಾಯಿದೆ 2020ರ ಜನವರಿ 10ರಿಂದ ಜಾರಿಗೆ ಬಂದಿತು. ಅದರ 15ನೆಯ ಕಲಮು ಸರ್ಕಾರಗಳ ಮೇಲೆ ಸ್ಪಷ್ಟವಾದ ಭಾರ ಹೊರಿಸಿತು: ಹಾರ್ಮೋನು ಚಿಕಿತ್ಸೆ ಮತ್ತು ಶಸ್ತ್ರಕ್ರಿಯೆಗೆ ಅನುಕೂಲ ಮಾಡಬೇಕು, ಅದಕ್ಕೆ ಮುಂಚೆಯೂ ಆಮೇಲೂ ಸಲಹೆ ಸಿಗಬೇಕು, ಖರ್ಚಿಗೆ ವಿಮೆಯ ಏರ್ಪಾಡು ಆಗಬೇಕು. 2020ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಟ್ಟು ಗುರುತಿನ ಪ್ರಮಾಣಪತ್ರ ಪಡೆಯುವ ವಿಧಾನ ಬಂದಿತು. ಅರ್ಜಿದಾರರನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂದು ಆ ನಿಯಮಗಳು ಕೇಳಲಿಲ್ಲ. ಇಂಥ ನಿಯಮಗಳಿಗೆ ತಿದ್ದುಪಡಿ ಬರುತ್ತಿರುತ್ತದೆ. ಯಾರೋ ಎರಡು ವರ್ಷದ ಹಿಂದೆ ಹೀಗೆ ಮಾಡಿದರೆಂದು ನಂಬದೆ, ನೀವು ಅರ್ಜಿ ಹಾಕುವ ದಿನ ಯಾವ ನಿಯಮವಿದೆಯೆಂದು ರಾಯಚೂರಿನ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಳ್ಳಿರಿ.

ಈ ಪ್ರಮಾಣಪತ್ರ ಏತಕ್ಕೆ ಬೇಕೆಂದರೆ, ದುಡ್ಡಿನ ಬಾಗಿಲು ತೆರೆಯುವುದು ಅದರಿಂದಲೇ. 2022ರ ಆಗಸ್ಟ್ 24ರಂದು ಕೇಂದ್ರದ ಸಾಮಾಜಿಕ ನ್ಯಾಯ ಮಂತ್ರಾಲಯವೂ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೂ ಒಂದು ಒಪ್ಪಂದ ಮಾಡಿಕೊಂಡವು. ಪ್ರಮಾಣಪತ್ರವುಳ್ಳ ಒಬ್ಬೊಬ್ಬರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಯುಷ್ಮಾನ್ ಭಾರತದಲ್ಲಿ ಚಿಕಿತ್ಸೆ, ಲಿಂಗ ಬದಲಾವಣೆಯ ಶಸ್ತ್ರಕ್ರಿಯೆಯೂ ಸೇರಿ, ಎಂಬುದು ಅದರ ಸಾರ. ಕೇಳಲು ಬಹಳ ಚೆನ್ನಾಗಿದೆ. ಆದರೆ ಕಾರ್ಡು ಇದ್ದ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯಬೇಡಿರಿ. ಇಂಥ ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆ ಆ ಯೋಜನೆಯಲ್ಲಿ, ಆ ಚಿಕಿತ್ಸೆಗೆಂದೇ, ನೋಂದಣಿಯಾಗಿರಬೇಕು. ಅಂಥವು ದೇಶದಲ್ಲೇ ಕಡಮೆ. 14555ಕ್ಕೆ ಫೋನು ಮಾಡಿ, ಆಸ್ಪತ್ರೆಯ ಹೆಸರು ಹಿಡಿದು ಕೇಳಿ, ಆಮೇಲೆ ಬಸ್ಸು ಹತ್ತಿರಿ.

ಗಮನಿಸತಕ್ಕ ಸಂಗತಿಯೊಂದಿದೆ. ನೋಂದಣಿಯಾದ ಆಸ್ಪತ್ರೆ ಖಾಸಗಿಯೂ ಆಗಿರಬಹುದು. ಸರ್ಕಾರೀ ಹಾದಿ, ಖಾಸಗೀ ಹಾದಿ ಎಂದು ನಾವು ಬೇರೆ ಬೇರೆ ಹೇಳುತ್ತೇವಾದರೂ ಅವೆರಡರ ನಡುವೆ ಗೋಡೆಯಿಲ್ಲ. ಸರ್ಕಾರದ ಕಾರ್ಡು ಹಿಡಿದು ಖಾಸಗೀ ತಜ್ಞರ ಬಳಿ ಹೋಗಬಹುದು; ಖಾಸಗಿಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಗಾಯ ತೋರಿಸಲು ತಾಲೂಕು ದವಾಖಾನೆಗೆ ಬರಬಹುದು.

ನಮ್ಮ ಜಿಲ್ಲೆಯಲ್ಲಿ ಏನು ಸಿಗುತ್ತದೆ? ರಾಯಚೂರಿನ ರಿಮ್ಸ್ 2007ರಲ್ಲಿ ಆರಂಭವಾದ ಸರ್ಕಾರೀ ವೈದ್ಯಕೀಯ ಕಾಲೇಜು. ಅಲ್ಲಿ ಮನೋವೈದ್ಯ ವಿಭಾಗವಿದೆ, ರಕ್ತಪರೀಕ್ಷೆಯಿದೆ, ಶಸ್ತ್ರಚಿಕಿತ್ಸಕರೂ ಸ್ತ್ರೀರೋಗ ತಜ್ಞರೂ ಇದ್ದಾರೆ. ಮೊದಲಿನ ಮಾತುಕತೆ, ಪತ್ರ, ಪರೀಕ್ಷೆಗಳು ಇವಿಷ್ಟಕ್ಕೆ ಬೆಂಗಳೂರಿಗೆ ಹೋಗಬೇಕಾದ ಕಾರಣವೇ ಇಲ್ಲ. ರಾಯಚೂರಿಗೆ ಹೋಗಲೂ ಆಗದವರು 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. 2022ರ ಅಕ್ಟೋಬರಿನಿಂದ ಅದು ನಡೆಯುತ್ತಿದೆ, ಹಣ ಕೊಡಬೇಕಿಲ್ಲ. ಹಾರ್ಮೋನು ತಜ್ಞರು ಮಾತ್ರ ಎಲ್ಲ ಜಿಲ್ಲೆಯಲ್ಲೂ ಸಿಗುವುದಿಲ್ಲ. ಅಲ್ಲಿಂದ ಮುಂದೆ ಬೆಂಗಳೂರೋ ಹೈದರಾಬಾದೋ ಎಂಬ ಪ್ರಶ್ನೆ ಏಳುತ್ತದೆ. ಬೆಂಗಳೂರು ರಾಯಚೂರಿನಿಂದ ನಾನೂರು ಕಿಲೋಮೀಟರು. ಹೈದರಾಬಾದು ಅದರ ಅರ್ಧದಷ್ಟು. ಹೈದರಾಬಾದಿನ ಉಸ್ಮಾನಿಯಾ ಸರ್ಕಾರೀ ಆಸ್ಪತ್ರೆಗೆ 2022ರ ನವೆಂಬರಿನಲ್ಲಿ ಪ್ರಾಚಿ ರಾಥೋಡ್ ಮತ್ತು ರೂತ್ ಜಾನ್ ಪಾಲ್ ಎಂಬ ಇಬ್ಬರು ಲಿಂಗತ್ವ ಅಲ್ಪಸಂಖ್ಯಾತ ವೈದ್ಯರು ನೇಮಕವಾದರು. ತಮ್ಮಂಥವರೇ ಸ್ಟೆತಾಸ್ಕೋಪು ಹಿಡಿದು ಕುಳಿತಿರುವುದನ್ನು ಕಂಡರೆ ಹಳ್ಳಿಯಿಂದ ಹೋದವರ ಅರ್ಧ ಅಂಜಿಕೆ ಹೋಗುತ್ತದೆ. ಆದರೆ ನಮ್ಮ ರಾಜ್ಯದ ಆರೋಗ್ಯ ಕಾರ್ಡು ಹೊರರಾಜ್ಯದಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು.

ಸರ್ಕಾರೀ ಹಾದಿಯ ಕುಂದುಗಳನ್ನು ಮುಚ್ಚಿಡುವುದು ಸರಿಯಲ್ಲ. ಸರತಿ ಉದ್ದ. ಒಂದು ಕಾಗದಕ್ಕೆ ಮೂರು ಸಲ ಓಡಾಟ. ಗಂಡಸರ ಸಾಲೋ ಹೆಂಗಸರ ಸಾಲೋ ಎಂದು ಚೀಟಿ ಕೊಡುವ ಕಿಟಕಿಯಲ್ಲೇ ಎಲ್ಲರೆದುರಿಗೆ ಕೂಗಿ ಕೇಳುವವರೂ ಇದ್ದಾರೆ. ದಿನಗೂಲಿಯವರಿಗೆ ಒಂದು ಸಲದ ಓಡಾಟವೆಂದರೆ ಒಂದು ದಿನದ ಕೂಲಿ ಹೋದಂತೆ. ನೆರೆಯ ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ರಚಿಸಿ ಸರ್ಕಾರೀ ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಕ್ರಿಯೆಗೆ ಏರ್ಪಾಡು ಮಾಡಿತು. ಕರ್ನಾಟಕ 2017ರಲ್ಲಿ ನೀತಿಯೊಂದನ್ನು ಒಪ್ಪಿತು, ಮೈತ್ರಿ ಎಂಬ ಮಾಸಾಶನ ಕೊಟ್ಟಿತು. ಆದರೆ ಚೆನ್ನೈಯಲ್ಲಿ ಆದಷ್ಟು ಕೆಲಸ ಕಲ್ಯಾಣ ಕರ್ನಾಟಕದ ಆಸ್ಪತ್ರೆಗಳಲ್ಲಿ ಆಗಿಲ್ಲ. ನಮ್ಮ ಜನ ಇದನ್ನು ಕೇಳಬೇಕು, ಗ್ರಾಮಸಭೆಯಲ್ಲೂ ಕೇಳಬಹುದು.

ಇನ್ನು ಖಾಸಗಿ. ಅಲ್ಲಿ ಮರ್ಯಾದೆಯಿಂದ ಮಾತನಾಡುತ್ತಾರೆ, ಹೆಸರು ಕೇಳಿ ಕುರ್ಚಿ ಕೊಡುತ್ತಾರೆ, ದಿನ ಗೊತ್ತುಮಾಡುತ್ತಾರೆ. ಇದು ಸಣ್ಣ ವಿಷಯವಲ್ಲ. ಊರೆಲ್ಲ ಹೀಯಾಳಿಸಿದವರಿಗೆ ಆ ಒಂದು ಕುರ್ಚಿ ಬಹಳ ದೊಡ್ಡದು. ಅನುಭವಿಗಳಾದ ಪ್ಲಾಸ್ಟಿಕ್ ಸರ್ಜನ್ನರು ದೊಡ್ಡ ನಗರಗಳ ಖಾಸಗೀ ಆಸ್ಪತ್ರೆಗಳಲ್ಲೇ ಹೆಚ್ಚು. ಆದರೆ ಖರ್ಚು ಲಕ್ಷಗಳಲ್ಲಿ. ಆಸ್ಪತ್ರೆಯವರು ಮೊದಲು ಹೇಳುವ ಮೊತ್ತದಲ್ಲಿ ಹಾರ್ಮೋನು, ರಕ್ತಪರೀಕ್ಷೆ, ನಗರದಲ್ಲಿ ತಂಗುವ ಖೋಲಿಯ ಬಾಡಿಗೆ, ಜೊತೆಗಿರುವವರ ಊಟ, ಎರಡನೆಯ ಸಲ ಸರಿಪಡಿಸುವ ಶಸ್ತ್ರಕ್ರಿಯೆ ಇವು ಯಾವುವೂ ಸೇರಿರುವುದಿಲ್ಲ. ಗಂಡಿನ ಅಂಗ ರಚಿಸುವ ಶಸ್ತ್ರಕ್ರಿಯೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹಲವು ಹಂತಗಳುಂಟು, ಮೂತ್ರನಾಳದ ತೊಂದರೆ ಅದರಲ್ಲಿ ಆಗಾಗ ಬರುತ್ತದೆ. ಎಲ್ಲ ಹಂತಗಳ ಖರ್ಚನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಕರ್ನಾಟಕದ ಖಾಸಗೀ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ಪ್ರತಿಯೊಂದು ಆಸ್ಪತ್ರೆಯೂ ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. ಗೋಡೆಯ ಮೇಲೆ ಆ ಎರಡು ಕಾಗದ ಕಾಣದಿದ್ದರೆ ಒಳಗೆ ಕೂರಬೇಡಿರಿ.

ಕಾನೂನಿನಲ್ಲಿ ಒಂದು ವ್ಯತ್ಯಾಸ ಬಹಳ ಜನಕ್ಕೆ ತಿಳಿದಿಲ್ಲ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನಂತೆ, ದುಡ್ಡು ತೆಗೆದುಕೊಂಡು ಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲಿ ನಿರ್ಲಕ್ಷ್ಯವಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಮಾಡುವ ಸರ್ಕಾರೀ ಆಸ್ಪತ್ರೆಯ ಮೇಲೆ ಅಲ್ಲಿ ದೂರು ನಿಲ್ಲುವುದಿಲ್ಲ, ಬೇರೆ ನ್ಯಾಯಾಲಯ ಹುಡುಕಬೇಕು. ಖಾಸಗಿಗೆ ಕೊಟ್ಟ ದುಡ್ಡಿಗೆ ಈ ಒಂದು ಹಕ್ಕು ಜೊತೆಗೆ ಬರುತ್ತದೆ. ಆದರೆ ರಸೀದಿಯಿಲ್ಲದೆ ಕೈಯಲ್ಲಿ ಕೊಟ್ಟ ದುಡ್ಡಿಗೆ ಯಾವ ಹಕ್ಕೂ ಇಲ್ಲ.

ಹಕ್ಕು ಇದ್ದರೂ ದೇಹಕ್ಕಾದ ನೋವು ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಕೇರಳದ ರೇಡಿಯೋ ನಿರೂಪಕಿ ಅನನ್ಯಾ ಕುಮಾರಿ ಅಲೆಕ್ಸ್ 2020ರಲ್ಲಿ ಖಾಸಗೀ ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ವರ್ಷ ಕಳೆದರೂ ನೋವು ಹೋಗಿಲ್ಲ, ಹೆಚ್ಚು ಹೊತ್ತು ನಿಲ್ಲಲೂ ಆಗುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡರು. ಆಸ್ಪತ್ರೆ ತನ್ನ ತಪ್ಪೆಂದು ಒಪ್ಪಲಿಲ್ಲ. 2021ರ ಜುಲೈಯಲ್ಲಿ ಅವರು ತೀರಿಕೊಂಡರು. ಆಮೇಲೆ ಕೇರಳ ಸರ್ಕಾರ ವಿಚಾರಣೆಗೆ ಆಜ್ಞೆ ಮಾಡಿತು. ಅವರು ಓದು ಬರಹ ಬಲ್ಲವರು, ಮೈಕಿನ ಮುಂದೆ ನಿಂತು ಮಾತಾಡಬಲ್ಲವರು. ಅಂಥವರ ಗತಿಯೇ ಹೀಗಾದರೆ, ರಾತ್ರಿ ಬಸ್ಸು ಹಿಡಿದು ದಲ್ಲಾಳಿಯ ಹಿಂದೆ ಹೋದ ಹಳ್ಳಿಯ ಹುಡುಗನ ಮಾತು ಕೇಳುವವರಾರು?

ದಲ್ಲಾಳಿಯ ಮಾತು ಬಂದಿತು. ಸರ್ಕಾರಿಯೂ ಅಲ್ಲದ ಖಾಸಗಿಯೂ ಅಲ್ಲದ ಮೂರನೆಯ ಹಾದಿಯೊಂದಿದೆ. ಬೋರ್ಡಿಲ್ಲದ ಕೋಣೆಯಲ್ಲಿ, ಡಾಕ್ಟರೆಂದು ಹೇಳಿಕೊಳ್ಳುವವರಿಂದಲೋ ಹಳೆಯ ಪದ್ಧತಿಯ ದಾಯಿಯಿಂದಲೋ ಅಂಗ ಕತ್ತರಿಸಿಕೊಳ್ಳುವುದು. ರಕ್ತ ಹೋಗಿ, ನಂಜಾಗಿ ಸತ್ತವರ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಬದುಕಿದವರಿಗೂ ತೊಂದರೆ ಮುಗಿಯುವುದಿಲ್ಲ. ಬೀಜ ತೆಗೆದ ಮೇಲೆ ಹಾರ್ಮೋನು ಕೊಡದೆ ಬಿಟ್ಟರೆ ವರ್ಷಗಳಲ್ಲಿ ಎಲುಬು ಸವೆಯುತ್ತದೆ. ಮೂತ್ರದ ದಾರಿ ಕಿರಿದಾಗುತ್ತದೆ. ಇದಕ್ಕಾಗಿ ಗುರುಮನೆಯಿಂದ ಸಾಲ ತೆಗೆದು, ಆ ಸಾಲ ತೀರುವ ತನಕ ಭಿಕ್ಷೆಯ ದುಡ್ಡು ಕಟ್ಟುತ್ತ ಇರುವವರೂ ಇದ್ದಾರೆ. ಇದಲ್ಲದೆ, ಶಸ್ತ್ರಕ್ರಿಯೆಯ ನಂತರ ಹೆಣ್ಣು ಅಥವಾ ಗಂಡು ಎಂದು ದಾಖಲೆ ತಿದ್ದಿಸಲು 2019ರ ಕಾಯಿದೆಯ 7ನೆಯ ಕಲಮು ಆಸ್ಪತ್ರೆಯ ಮುಖ್ಯ ವೈದ್ಯರ ಪ್ರಮಾಣಪತ್ರ ಕೇಳಿತು. ಬೋರ್ಡಿಲ್ಲದ ಕೋಣೆಯವರು ಅದನ್ನು ಹೇಗೆ ಕೊಟ್ಟಾರು?

ಧರ್ಮಾರ್ಥ ಕ್ಲಿನಿಕ್ಕುಗಳೂ ಅಲ್ಲಲ್ಲಿ ಇವೆ. ಹೈದರಾಬಾದಿನಲ್ಲಿ 2021ರಲ್ಲಿ ತೆರೆದ ಮಿತ್ರ್ ಕ್ಲಿನಿಕ್ ಒಳ್ಳೆಯ ಹೆಸರು ಪಡೆದಿತ್ತು. ಅಮೆರಿಕದ ನೆರವು ನಿಂತದ್ದರಿಂದ 2025ರ ಜನವರಿಯಲ್ಲಿ ಮುಚ್ಚಿತು. ಆ ವರ್ಷವೇ ಟಾಟಾ ಟ್ರಸ್ಟಿನ ಸಹಾಯದಿಂದ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು. ನಡುವೆ ಆ ಕೆಲವು ತಿಂಗಳು ಹಾರ್ಮೋನು ತೆಗೆದುಕೊಳ್ಳುತ್ತಿದ್ದವರು ಏನು ಮಾಡಬೇಕಾಗಿತ್ತು, ಯೋಚಿಸಿರಿ. ಎಲ್ಲಿಯೇ ಚಿಕಿತ್ಸೆ ನಡೆಯಲಿ, ಚೀಟಿಗಳೂ ಪರೀಕ್ಷೆಯ ಕಾಗದಗಳೂ ನಿಮ್ಮ ಕೈಯಲ್ಲಿರಬೇಕು; ಎರಡನೆಯ ಬಾಗಿಲೊಂದು ಗೊತ್ತಿರಬೇಕು.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇನೆ. ಕಾಗದ, ಸಲಹೆ, ರಕ್ತಪರೀಕ್ಷೆ ಇವು ಸರ್ಕಾರೀ ಹಾದಿಯಲ್ಲೇ ಆಗಲಿ; ಕಾಯುವ ಆ ಕಾಲ ವ್ಯರ್ಥವಲ್ಲ, ಮನಸ್ಸು ಗಟ್ಟಿಯಾಗಲು ಹೇಗೂ ಅಷ್ಟು ಕಾಲ ಬೇಕು. ಶಸ್ತ್ರಕ್ರಿಯೆ ಮಾತ್ರ, ಕಟ್ಟಡ ಸರ್ಕಾರದ್ದೋ ಖಾಸಗಿಯದೋ ಎಂದು ನೋಡದೆ, ಇಂಥದನ್ನು ಅನೇಕ ಸಲ ಮಾಡಿದ ಕೈ ಯಾವುದೆಂದು ನೋಡಿ ಆರಿಸಿರಿ. ಎಷ್ಟು ಮಂದಿಗೆ ಮಾಡಿದ್ದೀರಿ, ಎಷ್ಟು ಮಂದಿಗೆ ತೊಂದರೆಯಾಯಿತು, ಆದಾಗ ಏನು ಮಾಡಿದಿರಿ ಎಂದು ಕೇಳಲು ಹೆದರಬೇಡಿರಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು ಇಲ್ಲಿ ಏಕೆ ಬಾಯಿ ಮುಚ್ಚಬೇಕು? ಹೊಲ ಅಡವಿಟ್ಟು ಖಾಸಗಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಒಂದೆರಡು ವರ್ಷ ಕಾದು ಕಾರ್ಡಿನ ಮೇಲೆ ಮಾಡಿಸಿಕೊಂಡರೆ ಹೊಲವೂ ಉಳಿಯುತ್ತದೆ, ಮನೆಯವರ ಮನಸ್ಸೂ ಅಷ್ಟರಲ್ಲಿ ಒಂದಿಷ್ಟು ಮೆತ್ತಗಾಗಬಹುದು.

ಕೊನೆಯದಾಗಿ ಆರೈಕೆ. ಎರಡು ಹಾದಿಗಳಲ್ಲೂ ಜನ ಎಡವುವುದು ಶಸ್ತ್ರಕ್ರಿಯೆಯ ದಿನದಲ್ಲಲ್ಲ, ಊರಿಗೆ ಬಂದ ಮೇಲೆ. ಬೆಂಗಳೂರಿನ ಸರ್ಜನ್ನರು ಹಾಕಿದ ಹೊಲಿಗೆಯಲ್ಲಿ ಕೀವು ಕಾಣುವುದು ವಳಕಮದಿನ್ನಿಯಲ್ಲಿ, ರಾತ್ರಿ ಹತ್ತು ಗಂಟೆಗೆ. ಆದ್ದರಿಂದ ಆಸ್ಪತ್ರೆ ಬಿಡುವ ಮೊದಲು ಏನು ಮಾಡಿದರೆಂಬ ವಿವರವನ್ನೂ ಔಷಧಗಳ ಹೆಸರನ್ನೂ ಬರೆದ ಪತ್ರವೊಂದನ್ನು ಸಿಂಧನೂರು ಅಥವಾ ಲಿಂಗಸುಗೂರಿನ ತಾಲೂಕು ದವಾಖಾನೆಯ ವೈದ್ಯರ ಹೆಸರಿಗೆ ಬರೆಸಿಕೊಂಡು ಬನ್ನಿರಿ. ರಾತ್ರಿಯೂ ಎತ್ತುವ ಫೋನು ಸಂಖ್ಯೆಯನ್ನು ಕೇಳಿ ಪಡೆಯಿರಿ. ಜ್ವರ, ನಿಲ್ಲದ ರಕ್ತ, ಮೂತ್ರ ಕಟ್ಟುವುದು, ಒಂದೇ ಕಾಲು ಬಾತು ನೋಯುವುದು, ಉಸಿರು ಹತ್ತುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ. ನಾಚಿಕೆಯಿಂದ ವೈದ್ಯರ ಮುಂದೆ ಶಸ್ತ್ರಕ್ರಿಯೆಯ ಸಂಗತಿ ಮುಚ್ಚಿಟ್ಟರೆ ಅವರು ಬೇರೆ ಯಾವುದಕ್ಕೋ ಔಷಧ ಕೊಟ್ಟಾರು.

ಯೋನಿಯನ್ನು ರಚಿಸಿಕೊಂಡವರು ವೈದ್ಯರು ಕೊಡುವ ಸಾಧನದಿಂದ ದಿನದಿನವೂ, ತಿಂಗಳುಗಟ್ಟಲೆ, ಆ ದಾರಿ ಮುಚ್ಚದಂತೆ ನೋಡಿಕೊಳ್ಳಬೇಕು. ಇದಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಶುದ್ಧವಾದ ನೀರು, ಸಾಬೂನು ಬೇಕು. ಒಂದೇ ಕೋಣೆಯ ಮನೆಯಲ್ಲಿ ಇದು ಹೇಗೆಂದು ಶಸ್ತ್ರಕ್ರಿಯೆಗೆ ಮುಂಚೆಯೇ ಅವ್ವನೊಡನೆಯೋ ಅಕ್ಕನೊಡನೆಯೋ ಕೂತು ಮಾತಾಡಿ ಗೊತ್ತುಮಾಡಿಕೊಳ್ಳಿರಿ. ಕನಿಷ್ಠ ಆರು ವಾರ ಭಾರ ಎತ್ತುವಂತಿಲ್ಲ, ಗದ್ದೆಯ ಕೆಸರಿಗೆ ಇಳಿಯುವಂತಿಲ್ಲ. ದಿನ ಗೊತ್ತುಮಾಡುವಾಗ ಕಾಲುವೆಗೆ ನೀರು ಬಿಡುವ ತಿಂಗಳನ್ನು ನೋಡಿ, ನಾಟಿ ಮುಗಿದ ಮೇಲಿನ ದಿನವನ್ನೇ ಕೇಳಿಕೊಳ್ಳಿರಿ.